ಕಲ್ಲಿನೊಳಗಿನ ಗಾಳಿ

ಕೇಳುಗರಿಗೆ ನಮಸ್ಕಾರ.

ಸುಣ್ಣದ ಭಟ್ಟಿ ನೋಡಿದ್ದೀರಾ? ಸುಣ್ಣದ ಕಲ್ಲು, ಕಲ್ಲಿದ್ದಲು, ಮತ್ತೆ ಕಲ್ಲು, ಮತ್ತೆ ಕಲ್ಲಿದ್ದಲು. ಹೀಗೆ ಪದರ ಪದರವಾಗಿ ತುಂಬಿ ಬೆಂಕಿ ಹಾಕುತ್ತಾರೆ. ಬೆಂದ ಮೇಲೆ ಕಲ್ಲನ್ನು ತೂಗಿ ನೋಡಿ. ಹಗುರವಾಗಿರುತ್ತದೆ. ಶುದ್ಧ ಸುಣ್ಣದ ಕಲ್ಲಾದರೆ 100 ಕೆಜಿಯಲ್ಲಿ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗಿರುತ್ತದೆ. ಇದು ಕಲ್ಲಿದ್ದಲಿನ ಹೊಗೆಯಲ್ಲ, ಕಲ್ಲಿನೊಳಗೇ ಇದ್ದದ್ದು.

ನಮ್ಮ ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ನಡೆಯುವುದೂ ಇದೇ. ನಾಳೆ ಕಲ್ಲಿದ್ದಲು ಬಿಟ್ಟು ಬರೀ ಸೋಲಾರ್ ಕರೆಂಟಿನಲ್ಲಿ ಕಲ್ಲು ಬೇಯಿಸಿದರೂ ಈ ಗ್ಯಾಸ್ ಬಂದೇ ಬರುತ್ತದೆ. ಅದಕ್ಕೇ ಇಂಥ ಕಡೆ ಗ್ಯಾಸನ್ನು ಹಿಡಿದು ನೆಲದೊಳಗೆ ಇಡುವ ಕೆಲಸಕ್ಕೆ ಅರ್ಥವಿದೆ. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯಲ್ಲಿ 2025ರಲ್ಲಿ ಇದು ಶುರುವಾಯಿತು. ವರ್ಷಕ್ಕೆ 4 ಲಕ್ಷ ಟನ್ ಹಿಡಿಯುವ ಲೆಕ್ಕ. ಅಷ್ಟಾದರೂ ಆ ಕಾರ್ಖಾನೆ ಬಿಡುವುದರಲ್ಲಿ ಸುಮಾರು ಅರ್ಧ. ಹಿಡಿದದ್ದನ್ನು ದ್ರವ ಮಾಡಿ, ಹಡಗಿನಲ್ಲಿ ಒಯ್ದು, ಸಮುದ್ರದ ತಳದಿಂದ ಸುಮಾರು 2,600 ಮೀಟರ್ ಕೆಳಗಿನ ಮರಳುಗಲ್ಲಿಗೆ ಇಳಿಸುತ್ತಾರೆ.

ಹಿಡಿಯುವ ವಿದ್ಯೆ ಹೊಸದೇನಲ್ಲ. ಅಮೀನ್ ಎಂಬ ದ್ರವ ತಣ್ಣಗಿರುವಾಗ ಗ್ಯಾಸನ್ನು ಹೀರಿಕೊಳ್ಳುತ್ತದೆ, ಕಾಯಿಸಿದರೆ ಬಿಟ್ಟುಕೊಡುತ್ತದೆ. ಆದರೆ ಕಾಯಿಸಲು ಉರಿ ಬೇಕಲ್ವಾ? ಕಲ್ಲಿದ್ದಲಿನ ವಿದ್ಯುತ್ ಸ್ಥಾವರಕ್ಕೆ ಇದನ್ನು ಕೂಡಿಸಿದರೆ, ಮಾರಬೇಕಾದ ಕರೆಂಟಿನಲ್ಲಿ ಒಂದು ಪಾಲು ಇದಕ್ಕೇ ಹೋಗುತ್ತದೆ. ಅಂದರೆ ಅಷ್ಟೇ ಕರೆಂಟಿಗೆ ಕಲ್ಲಿದ್ದಲು ಜಾಸ್ತಿ ಸುಡಬೇಕು.

ಕೆನಡಾದ ಬೌಂಡರಿ ಡ್ಯಾಮ್ ಎಂಬ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ 2014ರಲ್ಲಿ ಹೀಗೇ ಮಾಡಿದರು. ಅಲ್ಲಿ ಹಿಡಿದ ಗ್ಯಾಸ್ ಬಹುಪಾಲು ಹೋದದ್ದು ಎಲ್ಲಿಗೆ? ಹಳೆಯ ಎಣ್ಣೆ ಬಾವಿಗಳಿಗೆ. ಒಳಗೆ ಒತ್ತಿದರೆ ತಳದಲ್ಲಿ ಉಳಿದ ಎಣ್ಣೆ ಮೇಲೆ ಬರುತ್ತದೆ. ಆ ಎಣ್ಣೆಯನ್ನೂ ಯಾರೋ ಸುಡುತ್ತಾರೆ. ಇದಕ್ಕೆ ಸ್ವಚ್ಛ ಕಲ್ಲಿದ್ದಲು ಅಂತ ಹೆಸರಿಟ್ಟರೆ ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ.

ಕರೆಂಟಿಗೆ ಬೇರೆ ದಾರಿಯಿದೆ. ನಮ್ಮ ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ಸಂಜೆಯ ನಂತರಕ್ಕೆ ಬ್ಯಾಟರಿ, ಜಲವಿದ್ಯುತ್ ಬೇಕು, ನಿಜ. ಅದು ಕಷ್ಟವೇ. ಆದರೂ ದುಡ್ಡು ಹಾಕುವುದಾದರೆ ಅಲ್ಲಿ ಹಾಕಲಿ. ಹಿಡಿಯುವ ಯಂತ್ರ ಸಿಮೆಂಟಿಗಿರಲಿ.

ಅಂದ ಹಾಗೆ, ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದು ಹೇಗೆ ಗೊತ್ತಾ? ಭಟ್ಟಿಯಲ್ಲಿ ಕಳೆದುಕೊಂಡ ಅದೇ ಗ್ಯಾಸನ್ನು ಗಾಳಿಯಿಂದ ನಿಧಾನಕ್ಕೆ ವಾಪಸ್ ಎಳೆದುಕೊಂಡು. ಸುಣ್ಣ ಮತ್ತೆ ಕಲ್ಲಾಗುತ್ತದೆ. ಭಟ್ಟಿಯಲ್ಲಿ ಉರಿದ ಕಲ್ಲಿದ್ದಲಿನ ಹೊಗೆ ಮಾತ್ರ ಹೊರಗೇ ಉಳಿಯುತ್ತದೆ.

ನಮಸ್ಕಾರ.