ಒಂದು ಗಂಟೆಯ ಹಾರಾಟಕ್ಕೆ ಎಷ್ಟು ಗಂಟೆ?

ಕೇಳುಗರಿಗೆ ನಮಸ್ಕಾರ.

ಎರಡು ಮಹಾನಗರಗಳ ನಡುವೆ 500 ಕಿಲೋಮೀಟರ್ ದೂರ ಇದೆ ಎಂದಿಟ್ಟುಕೊಳ್ಳಿ. ವಿಮಾನದಲ್ಲಾದರೆ ಒಂದು ಗಂಟೆ ಅನ್ನುತ್ತೇವೆ. ಮನೆ ಬಾಗಿಲಿನಿಂದ ಲೆಕ್ಕ ಹಾಕಿ ನೋಡಿ. ಊರಾಚೆಯ ವಿಮಾನ ನಿಲ್ದಾಣ ಮುಟ್ಟಲು ಒಂದು ಗಂಟೆ. ಚೆಕ್-ಇನ್, ಭದ್ರತಾ ತಪಾಸಣೆ, ಗೇಟಿನ ಮುಂದಿನ ಸಾಲು ಎಂದು ಇನ್ನೊಂದೂವರೆ ಗಂಟೆ. ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದ ಮೇಲೂ ರನ್‌ವೇಗೆ ಸರದಿ ಕಾಯಬೇಕು. ಇಳಿದ ಮೇಲೆ ಲಗೇಜಿಗೆ ಕಾದು, ಮತ್ತೆ ಊರೊಳಗೆ ಬರಬೇಕು. ಎಲ್ಲ ಸೇರಿ ನಾಲ್ಕೂವರೆ ಐದು ಗಂಟೆ ಸುಲಭವಾಗಿ ಕಳೆದುಹೋಗುತ್ತದೆ. ಅಷ್ಟೇ ದೂರವನ್ನು ಹೈಸ್ಪೀಡ್ ರೈಲು ಎರಡೂವರೆ ಗಂಟೆಯಲ್ಲಿ ಓಡಿ, ಊರ ನಡುವೆಯೇ ಇಳಿಸುತ್ತದೆ. ಕಡಿಮೆ ದೂರದ ವಿಮಾನಗಳ ಜಾಗವನ್ನು ಇಂಥ ರೈಲು ತುಂಬಬಲ್ಲದೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ.

ಜಪಾನ್ ಈ ಲೆಕ್ಕವನ್ನು 1964ರಲ್ಲೇ ಮಾಡಿತು. ಟೋಕಿಯೊ ಮತ್ತು ಒಸಾಕಾ ನಡುವಿನ 515 ಕಿಲೋಮೀಟರ್ ಹಳಿಯ ಮೇಲೆ ಈಗಿನ ವೇಗದ ಬುಲೆಟ್ ರೈಲಿಗೆ ಎರಡೂವರೆ ಗಂಟೆಯೂ ಬೇಕಿಲ್ಲ. ನನಗೆ ಅದರ ವೇಗಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು ಅದರ ಸರದಿ. ಜನದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ಹನ್ನೆರಡರವರೆಗೂ ‘ನೊಝೊಮಿ’ ಎಂಬ, ಆ ಮಾರ್ಗದ ಅತಿ ವೇಗದ ರೈಲುಗಳು ಹೊರಡುತ್ತವೆ. ಟೋಕಿಯೊ ನಿಲ್ದಾಣದಲ್ಲಿ ಬಂದ ರೈಲನ್ನು ಕೆಲವೇ ನಿಮಿಷಗಳಲ್ಲಿ ಗುಡಿಸಿ ಒರೆಸಿ, ಸೀಟುಗಳನ್ನೆಲ್ಲ ಹೊರಡುವ ದಿಕ್ಕಿಗೆ ತಿರುಗಿಸಿ ಸಿದ್ಧ ಮಾಡುತ್ತಾರೆ. ಒಂದು ರೈಲು ತಪ್ಪಿದರೆ ಸ್ವಲ್ಪ ಹೊತ್ತಿಗೇ ಇನ್ನೊಂದು ಇರುವಾಗ ವಿಮಾನದ ನೆನಪು ಯಾರಿಗೆ ಬಂದೀತು?

ಆದರೆ ಅದೇ ಜಪಾನಿನಲ್ಲಿ ಟೋಕಿಯೊದಿಂದ ಫುಕುವೊಕಾಗೆ ಹೋಗುವವರಲ್ಲಿ ಹೆಚ್ಚಿನವರು ವಿಮಾನವನ್ನೇ ಹತ್ತುತ್ತಾರೆ. ಅಲ್ಲಿಗೆ ರೈಲಿನಲ್ಲಿ ಸುಮಾರು ಐದು ಗಂಟೆ. ಮೂರು ಗಂಟೆಯೊಳಗಿನ ದಾರಿಯಲ್ಲಿ ರೈಲಿನ ಕೈ ಮೇಲು, ನಾಲ್ಕು ಗಂಟೆಯ ಆಸುಪಾಸಿನಲ್ಲಿ ಸಮಬಲ, ಅದರಾಚೆ ವಿಮಾನದ್ದೇ ಪಾರುಪತ್ಯ. ದೇಶ ಬದಲಾದರೂ ಈ ಗೆರೆ ಹೆಚ್ಚು ಕದಲುವುದಿಲ್ಲ. ಸ್ಪೇನಿನ ಮ್ಯಾಡ್ರಿಡ್–ಬಾರ್ಸಿಲೋನಾ ಒಂದು ಕಾಲಕ್ಕೆ ಜಗತ್ತಿನ ಅತಿ ದಟ್ಟಣೆಯ ವಿಮಾನ ಮಾರ್ಗಗಳಲ್ಲೊಂದು. 2008ರಲ್ಲಿ ಎರಡೂವರೆ ಗಂಟೆಯ ರೈಲು ಬಂತು, ಜನ ಹಳಿಯ ಕಡೆ ವಾಲಿದರು. 2021ರಿಂದ ಬೇರೆ ಕಂಪನಿಗಳ ರೈಲುಗಳೂ ಅದೇ ಹಳಿಗಿಳಿದು ಪೈಪೋಟಿಗೆ ನಿಂತ ಮೇಲೆ ಟಿಕೆಟ್ ದರವೂ ಇಳಿಯಿತು. ದಕ್ಷಿಣ ಕೊರಿಯಾದ ಸೋಲ್‌ನಿಂದ ಜೆಜುಗೆ ಹಾರುವ ವಿಮಾನಗಳ ಮಾತು ಬೇರೆ. ಜೆಜು ಒಂದು ದ್ವೀಪ, ನಡುವೆ ಕಡಲಿದೆ.

ಇನ್ನು ಅಷ್ಟಾಗಿ ಚರ್ಚೆಗೆ ಬಾರದ ಸಂಗತಿಗೆ ಬರುತ್ತೇನೆ. ರೈಲು ಎಷ್ಟೇ ವೇಗವಾಗಿದ್ದರೂ ಕೆಲವು ಸಣ್ಣ ಹಾರಾಟಗಳು ಯಾಕೆ ನಿಲ್ಲುವುದಿಲ್ಲ? ಅದರಲ್ಲಿ ಕೂತವರಲ್ಲಿ ಹಲವರು ಪಕ್ಕದ ಊರಿಗೆ ಹೊರಟವರಲ್ಲ, ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಿ ಖಂಡಾಂತರ ಹೋಗುವವರು. ರೈಲು ಅವರನ್ನು ಊರ ನಡುವೆ ಇಳಿಸಿದರೆ ಉಪಯೋಗವಿಲ್ಲ, ವಿಮಾನ ನಿಲ್ದಾಣದೊಳಕ್ಕೇ ತಲುಪಿಸಬೇಕು. ಜರ್ಮನಿ ಇದನ್ನು ಮಾಡಿ ತೋರಿಸಿದೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲೇ ದೂರದ ರೈಲುಗಳಿಗೆ 1999ರಲ್ಲಿ ನಿಲ್ದಾಣ ಕಟ್ಟಿದರು. 2002ರಲ್ಲಿ ಕಲೋನ್‌ನಿಂದ ಅಲ್ಲಿಗೆ ಹೈಸ್ಪೀಡ್ ಹಳಿ ಬಂತು. ಲುಫ್ತಾನ್ಸಾ ತನ್ನ ವಿಮಾನದ ನಂಬರನ್ನೇ ರೈಲಿಗೂ ಕೊಟ್ಟು ಒಂದೇ ಟಿಕೆಟ್ ಮಾರಿತು, 2007ರಲ್ಲಿ ಆ ಮಾರ್ಗದ ಹಾರಾಟವನ್ನು ನಿಲ್ಲಿಸಿತು.

ಫ್ರಾನ್ಸ್ ಕಾನೂನಿನ ದಾರಿ ಹಿಡಿಯಿತು. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಕಡೆಗೆ ವಿಮಾನ ಬೇಡ ಎಂಬ ಆದೇಶ 2023ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಸುದ್ದಿ ದೊಡ್ಡದಾಯಿತು. ನಿಂತದ್ದು ಪ್ಯಾರಿಸ್ಸಿನ ಓರ್ಲಿ ನಿಲ್ದಾಣದಿಂದ ಬೋರ್ಡೊ, ನಾಂತ್, ಲಿಯಾನ್ ಎಂಬ ಮೂರು ಊರುಗಳ ಮಾರ್ಗ ಮಾತ್ರ. ಮುಂದಿನ ವಿಮಾನ ಹಿಡಿಯುವವರಿಗಾಗಿ ಇರುವ ಹಾರಾಟಗಳಿಗೆ ವಿನಾಯಿತಿ ಸಿಕ್ಕಿತು. ಹವಾಮಾನದ ಬಗ್ಗೆ ಸಲಹೆ ಕೊಡಲು ಅಲ್ಲಿನ ಸರ್ಕಾರ ಕರೆದಿದ್ದ ನಾಗರಿಕರ ಸಮಾವೇಶ ಕೇಳಿದ್ದು ನಾಲ್ಕು ಗಂಟೆಯ ಮಿತಿ. ಅದು ಎರಡೂವರೆಗೆ ಇಳಿದಾಗಲೇ ಆ ಕಾನೂನಿನ ಹಲ್ಲು ಕಿತ್ತಂತಾಯಿತು ಎಂದು ನನ್ನ ಭಾವನೆ.

ವಿಮಾನಕ್ಕಿಂತ ಹೊಗೆ ಕಡಿಮೆ ಎಂದು ರೈಲಿನ ಪರ ಮಾತಾಡುವವರು ಎರಡು ವಿಷಯ ಮುಚ್ಚಿಡಬಾರದು. ಸುರಂಗ, ಸೇತುವೆಗಳಿಗೆ ಸುರಿಯುವ ಸಿಮೆಂಟು ಮತ್ತು ಉಕ್ಕು ಕೂಡ ಹೊಗೆ ಉಗುಳಿಯೇ ತಯಾರಾಗುತ್ತವೆ. ಪ್ರಯಾಣಿಕರು ಸಾಕಷ್ಟಿಲ್ಲದ ಮಾರ್ಗದಲ್ಲಿ ಆ ಹೊಗೆಯ ಋಣ ತೀರಲು ದಶಕಗಳೇ ಬೇಕು. ಎರಡನೆಯದು, ಸಣ್ಣ ಹಾರಾಟ ನಿಂತು ತೆರವಾದ ರನ್‌ವೇ ಸಮಯವನ್ನು ದೂರದ ಹಾರಾಟಕ್ಕೆ ಕೊಟ್ಟರೆ, ಆಗಸಕ್ಕೆ ಹೋಗುವ ಹೊಗೆ ಕಡಿಮೆಯಾಗುವ ಬದಲು ಹೆಚ್ಚಬಹುದು.

ಹಾಗಾಗಿ ಹೊಸ ಹಳಿಗೆ ಹಣ ಮಂಜೂರು ಮಾಡುವ ಹೊತ್ತಿಗೇ ಇನ್ನೂ ಮೂರು ತೀರ್ಮಾನ ಆಗಬೇಕು. ಹಳಿ ವಿಮಾನ ನಿಲ್ದಾಣದ ಒಳಗೂ ಹಾಯಬೇಕು. ತೆರವಾದ ರನ್‌ವೇ ಸಮಯವನ್ನು ಮತ್ತೆ ಹಂಚಕೂಡದು. ರೈಲು ತಡವಾಗಿ ವಿಮಾನ ತಪ್ಪಿದರೆ, ಒಂದೇ ಟಿಕೆಟ್ ಕೊಂಡ ಪ್ರಯಾಣಿಕನನ್ನು ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಯಾರದು ಎಂಬುದು ಆ ಟಿಕೆಟಿನ ಮೇಲೇ ಅಚ್ಚಾಗಿರಬೇಕು.