ಹೆಚ್ಚಾಗಿ ಕಂಡದ್ದೆಲ್ಲ ಅಪರಾಧಿಯಲ್ಲ

ನಮಸ್ಕಾರ. ಹಿಂದಿನ ಸಂಚಿಕೆಗೆ ಒಬ್ಬರು ಹೀಗೆ ಬರೆದಿದ್ದಾರೆ: "ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಟಿಎನ್‌ಎಫ್ ಹೆಚ್ಚಿರುತ್ತದೆ ಎಂದು ನೀವೇ ಹೇಳಿದಿರಿ. ಅದನ್ನು ತಡೆಯುವ ಇಂಜೆಕ್ಷನ್ ಕೊಟ್ಟರೆ ಮುಗಿಯಿತಲ್ಲ?"

ಮುಗಿಯುವುದಿಲ್ಲ! ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರತಂತುಗಳ ಹೊದಿಕೆಯಾದ ಮೈಲಿನ್ ಮೇಲೆ ದಾಳಿ ಮಾಡುವ ಕಾಯಿಲೆ. ಟಿಎನ್‌ಎಫ್ ಎಂದರೆ ರಕ್ಷಣಾ ಜೀವಕೋಶಗಳು ಪರಸ್ಪರ ಸುದ್ದಿ ಮುಟ್ಟಿಸುವ ಸಂಕೇತ ಪ್ರೋಟೀನ್‌ಗಳಲ್ಲಿ, ಅಂದರೆ ಸೈಟೊಕೈನ್‌ಗಳಲ್ಲಿ, ಒಂದು. ಅದನ್ನು ತಡೆಯುವ ಔಷಧ ಕೊಟ್ಟು ನೋಡಿಯಾಗಿದೆ. ಕಾಯಿಲೆ ಬಲಿಯುತ್ತಿದ್ದವರ ಮಿದುಳುಬಳ್ಳಿಯ ದ್ರವದಲ್ಲಿ ಟಿಎನ್‌ಎಫ್ ಹೆಚ್ಚಿರುವುದು 1991ರಲ್ಲೇ ವರದಿಯಾಗಿತ್ತು. ಅದನ್ನು ಕಟ್ಟಿಹಾಕುವ ಲೆನರ್ಸೆಪ್ಟ್ ಎಂಬ ಔಷಧವನ್ನು 168 ರೋಗಿಗಳಿದ್ದ ಪ್ರಯೋಗದಲ್ಲಿ ಪರೀಕ್ಷಿಸಿದರು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧ ಪಡೆದವರಲ್ಲೇ ಕಾಯಿಲೆ ಹೆಚ್ಚು ಜನರಿಗೆ ಮರುಕಳಿಸಿತ್ತು, ಬೇಗನೆ ಮರುಕಳಿಸಿತ್ತು. ಹೆಚ್ಚಾಗಿ ಕಂಡದ್ದೆಲ್ಲ ಅಪರಾಧಿಯಲ್ಲ. ಜಾತ್ರೆಯ ಜಗಳದಲ್ಲಿ ಬಿಡಿಸಲು ಬಂದವನೂ ಜೋರಾಗಿಯೇ ಕೂಗುತ್ತಾನೆ.

ಟಿಎನ್‌ಎಫ್‌ಗೆ ಜೀವಕೋಶಗಳ ಮೇಲೆ ಎರಡು ಗ್ರಾಹಕಗಳಿವೆ, ಅಂದರೆ ಸಂಕೇತ ಹಿಡಿಯುವ ಕೊಂಡಿಗಳಿವೆ. ಒಂದರ ಮೂಲಕ ಅದು ಉರಿಯೂತ ಹೆಚ್ಚಿಸುತ್ತದೆ. ಇನ್ನೊಂದರ ಮೂಲಕ, ನರತಂತುಗಳ ಮೈಲಿನ್ ಹೊದಿಕೆಯ ರಿಪೇರಿಗೆ ನೆರವಾಗುತ್ತದೆ. ಇಲಿಗಳಲ್ಲಿ ಇದು ಚೆನ್ನಾಗಿ ಕಂಡಿದೆ. ಹಾಗಾಗಿ ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಔಷಧ ಬರೆಸಿಕೊಳ್ಳುವವರು ತಮಗೆ ಎಂಎಸ್ ಇದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ದಯವಿಟ್ಟು ಹೇಳಿ.

"ಅದೊಂದು ಔಷಧ ಸೋತಿತು, ಅಷ್ಟೇ" ಎನ್ನುವವರು ಇಂಟರ್‌ಫೆರಾನ್ ಎಂಬ ಸೈಟೊಕೈನ್‌ಗಳನ್ನು ನೋಡಲಿ. 1987ರಲ್ಲಿ 18 ರೋಗಿಗಳಿಗೆ ಗಾಮಾ ಇಂಟರ್‌ಫೆರಾನ್ ಕೊಟ್ಟಾಗ 7 ಮಂದಿಗೆ ಕಾಯಿಲೆ ಕೆರಳಿತು. ಬೀಟಾ ಇಂಟರ್‌ಫೆರಾನ್ 1993ರಲ್ಲಿ ಅಮೆರಿಕದಲ್ಲಿ ಇದೇ ಕಾಯಿಲೆಗೆ ಮಂಜೂರಾದ ಔಷಧವಾಯಿತು. ಹೆಸರು ಒಂದೇ, ನಡತೆ ತದ್ವಿರುದ್ಧ! ಇನ್ನು ಉಸ್ಟೆಕಿನುಮ್ಯಾಬ್ ಎಂಬ ಔಷಧ. ಇಂಟರ್‌ಲ್ಯೂಕಿನ್ 12 ಮತ್ತು 23 ಎಂಬ ಎರಡು ಸೈಟೊಕೈನ್‌ಗಳನ್ನೂ ತಡೆದು ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿ ಗೆದ್ದ ಇದು ಎಂಎಸ್‌ನಲ್ಲಿ ಏನೂ ಮಾಡಲಿಲ್ಲ. ಇಷ್ಟಾದ ಮೇಲೂ "ಹೆಚ್ಚಿದೆ, ಇಳಿಸಿ" ಎಂಬುದೇ ವಾದವೇ? ಹೆಚ್ಚಾಗಿ ಕಂಡದ್ದೆಲ್ಲ ಅಪರಾಧಿಯಲ್ಲ!

"ಹಾಗಾದರೆ ರಕ್ತದ ಸೈಟೊಕೈನ್ ಪರೀಕ್ಷೆ ಏಕೆ?" ಎಂದು ಇನ್ನೊಬ್ಬರು ಕೇಳಿದ್ದಾರೆ. ನಾನೂ ಅದನ್ನೇ ಕೇಳುತ್ತಿದ್ದೇನೆ! ಒಂದು ನೆಗಡಿ ಬಂದರೂ ಆ ಅಂಕಿ ಏರುತ್ತದೆ. ಕಾಯಿಲೆ ಚುರುಕಾಗಿದೆಯೇ ಎಂದು ತಿಳಿಯಲು ನರರೋಗ ತಜ್ಞರು ಲಕ್ಷಣ ನೋಡುತ್ತಾರೆ, ಎಂಆರ್‌ಐ ನೋಡುತ್ತಾರೆ. ಆ ರಕ್ತಪರೀಕ್ಷೆಯ ಚೀಟಿ ಹಿಡಿದು ಔಷಧ ನಿಲ್ಲಿಸುವವರನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ನಿಲ್ಲಿಸಬೇಡಿ. "ರೋಗನಿರೋಧಕ ಶಕ್ತಿ ಹೆಚ್ಚಿಸುವ" ಪುಡಿಯ ಜಾಹೀರಾತು ನಮ್ಮ ವಾಹಿನಿಗೂ ಬಂದಿತ್ತು, ಹಿಂದಕ್ಕೆ ಕಳುಹಿಸಿದೆ. ಸ್ವಂತ ಮೈಲಿನ್ ಮೇಲೆಯೇ ದಾಳಿ ಮಾಡುತ್ತಿರುವ ಶಕ್ತಿಯನ್ನು ಇನ್ನೂ ಹೆಚ್ಚಿಸುವುದೇ? ಬೇಡ, ಬೇಡವೇ ಬೇಡ!

ಮುಂದಿನ ಸಂಚಿಕೆ ನ್ಯೂರೋಫಿಲಮೆಂಟ್ ಬಗ್ಗೆ. ಅದು ಸಂಕೇತ ಪ್ರೋಟೀನ್ ಅಲ್ಲ, ನರತಂತು ಹಾಳಾದಾಗ ರಕ್ತಕ್ಕೆ ಸೋರುವ ಚೂರು. ವಾಹಿನಿಗೆ ಚಂದಾದಾರರಾಗಿ, ಮನೆಯಲ್ಲಿ ಎಂಎಸ್ ಇರುವವರಿಗೆ ಈ ಸಂಚಿಕೆ ಕಳುಹಿಸಿ.