ಉಪಗ್ರಹಕ್ಕೂ ಬೇಕು ರಿಸರ್ವ್ ಪೆಟ್ರೋಲ್

[ಚಾಮುಂಡಿ ಬೆಟ್ಟ, ನಂದಿಯ ಹತ್ತಿರ. ಮುಸ್ಸಂಜೆ. ಪಕ್ಕದಲ್ಲಿ ಹಳೇ ಸ್ಕೂಟರ್.]

ನಮಸ್ಕಾರ. ಇದು ನಮ್ಮಪ್ಪನ ಸ್ಕೂಟರ್. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳೇ ಇಲ್ಲ. ಗಾಡಿ ಜರ್ಕ್ ಹೊಡೆದರೆ ರಿಸರ್ವ್‌ಗೆ ತಿರುಗಿಸಿ ಬಂಕ್ ಹುಡುಕಬೇಕು. ಇವತ್ತು ರಿಸರ್ವ್ ಕೂಡ ಮುಗಿದು, ಕೊನೇ ತಿರುವಿನಿಂದ ತಳ್ಳಿಕೊಂಡು ಬಂದೆ. ಉಪಗ್ರಹಕ್ಕೆ ಹೀಗಾದರೆ ತಳ್ಳೋಕೆ ಯಾರಿದ್ದಾರೆ? ಕೆಲಸ ಮುಗಿದ ಮೇಲೆ ಬೇರೆಯವರಿಗೆ ಅಡ್ಡವಾಗದಂತೆ ದಾರಿ ಬಿಡೋಕೆ ಅದಕ್ಕೂ ಒಂಚೂರು ಇಂಧನ ಉಳಿದಿರಬೇಕು.

ನಮ್ಮ ಕಾರ್ಟೋಸ್ಯಾಟ್-2 ಉಪಗ್ರಹ ನೋಡಿ. 2007ರಲ್ಲಿ ಹಾರಿತು, ಸುಮಾರು 635 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿತ್ತು. ಅಷ್ಟು ಮೇಲೂ ಒಂಚೂರು ಗಾಳಿ ಇರುತ್ತದೆ. ಅದು ಉಜ್ಜಿ ಉಜ್ಜಿ ವೇಗ ತಗ್ಗಿಸಿ ಕೆಳಗೆ ಎಳೆಯುತ್ತದೆ. ಆದರೆ ಸುಮ್ನೆ ಬಿಟ್ಟಿದ್ದರೆ ಬೀಳಲು 30 ವರ್ಷ ಬೇಕಿತ್ತು. ಇಸ್ರೋದವರು 2020ರಲ್ಲಿ ಉಳಿದ ಇಂಧನ ಉರಿಸಿ, ಕಕ್ಷೆಯ ಕೆಳತುದಿಯನ್ನು 380 ಕಿ.ಮೀ.ಗೆ ಇಳಿಸಿದರು. ಮಿಕ್ಕಿದ್ದನ್ನು ಗಾಳಿಯೇ ಮಾಡಿತು. 2024ರ ಫೆಬ್ರವರಿ 14ರಂದು ಹಿಂದೂ ಮಹಾಸಾಗರದ ಮೇಲೆ ಅದರ ಕಥೆ ಮುಗಿಯಿತು.

ಮೇಘಾ-ಟ್ರಾಪಿಕ್ಸ್-1 ಇನ್ನೂ ಮೇಲಿತ್ತು, 867 ಕಿ.ಮೀ. ಬಿಟ್ಟಿದ್ದರೆ ನೂರು ವರ್ಷಕ್ಕೂ ಜಾಸ್ತಿ ಅಲ್ಲೇ ಇರುತ್ತಿತ್ತು. ಟ್ಯಾಂಕಿನಲ್ಲಿ ಸುಮಾರು 125 ಕೆ.ಜಿ. ಇಂಧನ ಉಳಿದಿದ್ದೇ ಪುಣ್ಯ. ಹಂತ ಹಂತವಾಗಿ ಇಳಿಸಿ, 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಮೇಲೆ ಬೀಳಿಸಿದರು. ಹೀಗೆ ಇಳಿಸಬೇಕೆಂದು ಅದನ್ನು ಕಟ್ಟಿಯೇ ಇರಲಿಲ್ಲ. ಸಾಗರವೇ ಯಾಕೆ? ಬಹುಪಾಲು ಗಾಳಿಯಲ್ಲೇ ಉರಿದುಹೋದರೂ ಟೈಟೇನಿಯಂ ಟ್ಯಾಂಕಿನಂಥ ಗಟ್ಟಿ ತುಂಡುಗಳು ಉಳಿಯಬಹುದು.

ಇನ್ನು ಟಿವಿ ಡಿಶ್ ಮುಖ ಮಾಡಿರುವ ಉಪಗ್ರಹಗಳು. ಅವು ಸುಮಾರು 36,000 ಕಿ.ಮೀ. ದೂರದಲ್ಲಿವೆ. ಇಲ್ಲಿ ಲೆಕ್ಕ ಉಲ್ಟಾ. ಬೆಟ್ಟ ಇಳಿಯೋಕೆ ನನಗೆ ಪೆಟ್ರೋಲ್ ಬೇಡ, ಹತ್ತೋಕೆ ಬೇಕು. ಅಲ್ಲಿ ಇಳಿಯುವುದೇ ದುಬಾರಿ! ಭೂಮಿಗೆ ತರಲು ವೇಗವನ್ನು ಸೆಕೆಂಡಿಗೆ ಸುಮಾರು 1,500 ಮೀಟರ್ ಬದಲಿಸಬೇಕು. ಇನ್ನೂ 300 ಕಿ.ಮೀ. ಮೇಲಕ್ಕೆ ತಳ್ಳೋಕೆ ಸೆಕೆಂಡಿಗೆ ಸುಮಾರು 11 ಮೀಟರ್ ಬದಲಿಸಿದರೆ ಸಾಕು. ಹಾಗಾಗಿ ಮೇಲಕ್ಕೇ ಕಳಿಸುತ್ತಾರೆ. 2022ರ ಜನವರಿಯಲ್ಲಿ ಇನ್ಸಾಟ್-4ಬಿ ಹೀಗೇ ಸುಮಾರು 340 ಕಿ.ಮೀ. ಮೇಲೆ ಹೋಯಿತು. ಇಂಥವನ್ನು ನಿಯಂತ್ರಿಸುವ ಕೇಂದ್ರ ಇಲ್ಲೇ ಪಕ್ಕದ ಹಾಸನದಲ್ಲಿದೆ. ಆಮೇಲೆ ಸಿಡಿಯದಂತೆ ಬ್ಯಾಟರಿ ಖಾಲಿ ಮಾಡಿ ಆಫ್ ಮಾಡಿದರು. ಆ ಜಾಗಕ್ಕೆ ಸ್ಮಶಾನ ಕಕ್ಷೆ ಅಂತ ಹೆಸರು. ಈ ಬೆಟ್ಟದ ತಪ್ಪಲಲ್ಲೇ ಪಿಂಜರಾಪೋಲ್ ಇದೆ, ಹಾಲು ಬತ್ತಿದ ಹಸುಗಳಿಗೆ. ಪಿಂಜರಾಪೋಲ್ ಕಕ್ಷೆ ಎಂದರೆ ಮೈಸೂರಿನವರಿಗೆ ಬೇಗ ಅರ್ಥವಾಗುತ್ತದೆ, ಅಲ್ವಾ?

ನಿಜವಾದ ತಲೆನೋವು ಬೇರೆ. ತೂಕವಿಲ್ಲದ ಕಡೆ ಇಂಧನ ಟ್ಯಾಂಕಿನ ತಳದಲ್ಲಿ ಕೂರುವುದಿಲ್ಲ, ತೇಲಾಡುತ್ತದೆ. ಅಪ್ಪನ ಸ್ಕೂಟರಿನ ಹಾಗೆ ಅಲ್ಲೂ ಮುಳ್ಳು ನೋಡಿ ತಿಳಿಯುವಂತಿಲ್ಲ. ಇಂಜಿನ್ ಎಷ್ಟು ಹೊತ್ತು ಉರಿಯಿತು, ಟ್ಯಾಂಕಿನ ಒತ್ತಡ ಎಷ್ಟು ಎಂದು ಲೆಕ್ಕ ಹಾಕಬೇಕು. ಇನ್ನೊಂದು ತಿಂಗಳು ದುಡಿಸೋಣ ಎಂಬ ಆಸೆಗೆ ಬಿದ್ದು ಲೆಕ್ಕ ತಪ್ಪಿದರೆ ರಿಸರ್ವ್ ಕೂಡ ಖಾಲಿ. ಉಪಗ್ರಹ ಅದೇ ದಾರಿಯಲ್ಲಿ ಉಳಿದು, ಬೇರೆಯವರಿಗೆ ಅಡ್ಡ.

ಸರಿ, ಕೆಳಗಿನ ಬಂಕ್ ಮುಚ್ಚುವ ಮೊದಲು ನಾನು ಇಳಿಯಬೇಕು. ಬ್ರೇಕ್ ಚೆನ್ನಾಗಿದೆ.